ಅದೇ ಮಾತ್ರೆ, ನನ್ನ ಕೈಯಿಂದ

ಲೋಟದ ತಳದಲ್ಲಿ ಬಿಳಿಯ ಪುಡಿ ಉಳಿದಿತ್ತು. ಸಕ್ಕರೆ ಕರಗಿಲ್ಲವೆಂದುಕೊಂಡು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಸಿಹಿಯಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡದೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಕೈ ಒಣಗಿ ಎಷ್ಟೋ ಹೊತ್ತಾಗಿದ್ದರೂ ಒರೆಸುತ್ತಲೇ ಇದ್ದಳು. ಅದು 2020ರ ದೀಪಾವಳಿಗೆ ಹತ್ತು ದಿನ ಮುಂಚೆ.

ಆ ಸಂಜೆ ನಾನು ಕೆಲಸ ಮಾಡುವ ಅಡಿಕೆ ಮಂಡಿಯಿಂದ ಹೊರಟು ಎಂದಿನ ಬಾರಿಗೆ ಹೋಗಿ ಒಂದು ಕ್ವಾರ್ಟರ್ ತೆಗೆದುಕೊಂಡೆ. ಅರ್ಧ ಗ್ಲಾಸು ಇಳಿದಿತ್ತೋ ಇಲ್ಲವೋ, ಕಿವಿಯಿಂದ ಎದೆಯವರೆಗೆ ಬೆಂಕಿ ಹಚ್ಚಿದ ಹಾಗಾಯಿತು. ಮುಖ ಕೆಂಪೇರಿತು, ತಲೆ ಸಿಡಿಯತೊಡಗಿತು, ಎದೆ ಹೊಡೆದುಕೊಳ್ಳುವ ಸದ್ದು ನನಗೇ ಕೇಳಿಸುತ್ತಿತ್ತು. ವಾಂತಿ ಮಾಡುತ್ತಾ ಬಾರಿನ ಮೆಟ್ಟಿಲ ಮೇಲೆ ಕುಸಿದೆ. ಯಾರೋ ಆಟೋದಲ್ಲಿ ಹಾಕಿ ಮನೆಗೆ ತಂದುಬಿಟ್ಟರು. ಬೆಳಗಿನ ಕಾಫಿಗೂ ಸಂಜೆಯ ವಾಂತಿಗೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಮಧ್ಯರಾತ್ರಿಯ ಹೊತ್ತಿಗೆ.

'ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಲಾಗುವುದು' ಎಂಬ ಚೀಟಿಗಳನ್ನು ನೀವೂ ಬಸ್ ನಿಲ್ದಾಣದ ಗೋಡೆಯ ಮೇಲೆ ನೋಡಿರುತ್ತೀರಿ. ಅಂಥ ಕಡೆಯಿಂದ ನಮ್ಮ ಅತ್ತಿಗೆ ಪೊಟ್ಟಣ ತರಿಸಿದ್ದರು. ಹನ್ನೆರಡು ದಿನದಿಂದ ನನ್ನ ಕಾಫಿಗೆ ಅದು ಬೀಳುತ್ತಿತ್ತಂತೆ. ಮೊದಮೊದಲು ಹೆದರಿ ಚಿಟಿಕೆಯಷ್ಟು, ಆಮೇಲೆ ಚಮಚದಷ್ಟು. ಮುಂದೆ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ, ಅದು ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿದ್ದಿರಬಹುದು ಎಂದರು ವೈದ್ಯರು. ನಾವು ಕುಡಿದ ಮದ್ಯವನ್ನು ದೇಹ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಒಡೆಯುತ್ತದೆ, ಆಮೇಲೆ ಅದನ್ನೂ ಒಡೆದು ಹೊರಹಾಕುತ್ತದೆ. ಈ ಮಾತ್ರೆ ಎರಡನೆಯ ಕೆಲಸವನ್ನು ತಡೆದುಬಿಡುತ್ತದೆ. ವಿಷ ಒಳಗೇ ಜಮೆಯಾಗುತ್ತದೆ. ಮಾತ್ರೆ ನುಂಗಿದ್ದೇನೆಂದು ಗೊತ್ತಿರುವವನು ಮದ್ಯ ಮುಟ್ಟುವುದಿಲ್ಲ, ಆದ್ದರಿಂದ ಅವನಿಗೆ ಅದು ಕಾವಲು. ಗೊತ್ತಿಲ್ಲದವನಿಗೆ, ಅದರಲ್ಲೂ ಹೃದಯದ ತೊಂದರೆ ಇರುವವನಿಗೆ, ಅದು ಪ್ರಾಣಕ್ಕೇ ಕುತ್ತು.

ಆದರೆ ಆ ರಾತ್ರಿ ನನ್ನನ್ನು ಸುಟ್ಟದ್ದು ಪ್ರಾಣಭಯವಲ್ಲ. ನನ್ನ ವಿಷಯದಲ್ಲಿ ನನ್ನನ್ನು ಕೇಳುವ ಅಗತ್ಯವೇ ಇಲ್ಲವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರಲ್ಲ, ಅದು. ಹಾಗೆ ತೀರ್ಮಾನಿಸುವುದಕ್ಕೆ ಹದಿನಾಲ್ಕು ವರ್ಷ ನಾನೇ ಕಾರಣ ಕೊಟ್ಟಿದ್ದೆ ಎಂಬುದೂ ನಿಜ. ಮರುದಿನದಿಂದ ನನ್ನ ಕಾಫಿ ನಾನೇ ಮಾಡಿಕೊಳ್ಳತೊಡಗಿದೆ. ಎರಡು ವಾರ ಕಾದು, ಪುಡಿಯ ಪ್ರಭಾವ ಮೈಯಿಂದ ಇಳಿಯುತ್ತಲೇ ಮೊದಲಿಗಿಂತ ಹೆಚ್ಚು ಕುಡಿದೆ.

ನಾನು ಶಿವಮೊಗ್ಗದವನು. ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ದರ್ಜೆವಾರು ಚೀಲ ವಿಂಗಡವಾಗಿ ತೂಕವಾದ ಮೇಲೆ ಚೀಟಿ ಬರೆಯುವುದು ನನ್ನ ಕೆಲಸ. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೇ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿಸಿಕೊಂಡಿದ್ದರು. ನಲವತ್ತಕ್ಕೆ ಬರುವ ಹೊತ್ತಿಗೆ ಬೆಳಿಗ್ಗೆ ಒಂದು ನೈಂಟಿ ಬೀಳದೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಚೀಟಿಯನ್ನು ಬೆಳಕಿಗೆ ಹಿಡಿದು, "ಇದು ಏಳೋ ಒಂದೋ ತಮ್ಮಾ? ಜ್ವರ ಬಂದಿದೆಯೇ ನಿನಗೆ?" ಎಂದು ಕೇಳಿದರು. ಅವರ ದನಿಯಲ್ಲಿ ಕನಿಕರವೇ ಇತ್ತು. ಹೌದು, ಜ್ವರ ಎಂದೆ. ಆ ಸುಳ್ಳು ಹೇಳಿ ನೇರವಾಗಿ ಯಾರ್ಡಿನ ಹಿಂದಿನ ಗೇಟಿನಿಂದ ಹೊರಗೆ ಹೋಗಿ ಕುಡಿದೆ. ಯಾಕೆ ಹೋದೆ ಎಂದು ಆಗ ಯಾರಾದರೂ ಕೇಳಿದ್ದರೆ 'ಬೇಜಾರಾಯಿತು' ಎನ್ನುತ್ತಿದ್ದೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ತಂದೆಯೂ ಕುಡಿಯುತ್ತಿದ್ದರು. ಅವರದು ಪ್ಯಾಕೆಟ್ ಸಾರಾಯಿ. 2007ರ ಜುಲೈಯಲ್ಲಿ ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿದಾಗ ನಮ್ಮ ತಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ನೆನಪಿದೆ. ಎಷ್ಟೋ ಮನೆಗಳಿಗೆ ಅದರಿಂದ ಉಸಿರಾಡುವಂತಾಯಿತು. ನಮ್ಮ ತಂದೆ ಮಾತ್ರ ಒಂದು ವಾರ ಒದ್ದಾಡಿ, ಅಗ್ಗದ ವಿಸ್ಕಿಗೆ ಹೊಂದಿಕೊಂಡರು. ಅಂಗಡಿಯ ಬಾಗಿಲು ಮುಚ್ಚಿದರೂ ಅವರೊಳಗೆ ಏನಾಗುತ್ತಿತ್ತು ಎಂದು ನಾವು ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಹೇಳುವ ಪದ್ಧತಿಯೇ ಇರಲಿಲ್ಲ.

ಪುಡಿಗೆ ಒಂದು ವರ್ಷ ಮೊದಲು ಆಣೆಯ ಪ್ರಸಂಗ ನಡೆದಿತ್ತು. ತಾಯಿ ನನ್ನನ್ನು ಮನೆದೇವರ ಮುಂದೆ ನಿಲ್ಲಿಸಿ ಕರ್ಪೂರ ಮುಟ್ಟಿಸಿದರು. ಆಣೆ ಸುಳ್ಳಾಗಬಾರದೆಂದು ಅವತ್ತಿನಿಂದಲೇ ನಾನು ಒಮ್ಮೆಲೇ ನಿಲ್ಲಿಸಿದ್ದೂ ಹೌದು. ಎರಡನೆಯ ದಿನ ಸಂಜೆ ಹಜಾರದಲ್ಲಿ ಕೈಕಾಲು ಸೆಟೆದು ಫಿಟ್ಸ್ ಬಂತು. ಮಗಳು ನೋಡಿದಳು. ಮನಸ್ಸಿನಲ್ಲಿ ಕುಡಿಯಬೇಕೆಂದುಕೊಂಡಿರಬೇಕು, ಅದಕ್ಕೇ ದೇವರು ತೋರಿಸಿತು ಎಂದು ನೆರೆಮನೆಯವರು ಅಂದರು. ನಿಜ ಸಂಗತಿ ಬೇರೆ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಆರೇಳು ಗಂಟೆಯಲ್ಲಿ ನಡುಕ ಶುರುವಾಗುತ್ತದೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾಯುವವರಿದ್ದಾರೆ. ಮನೆಯಲ್ಲೇ ಆಣೆ ಹಾಕಿಸಿ ನಿಲ್ಲಿಸಿಬಿಡೋಣ ಎನ್ನುವವರಿಗೆ ಇದನ್ನು ಕೈಮುಗಿದು ಹೇಳುತ್ತೇನೆ: ಮೊದಲು ಆಸ್ಪತ್ರೆ, ಆಮೇಲೆ ದೇವರು.

ಪುಡಿಯ ನಂತರ ಒಂದು ಕಡೆ ಬೀಗ ಹಾಕಿ ಇಟ್ಟಿದ್ದರು. ಹೆಸರು ಹೇಳುವುದಿಲ್ಲ. ರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋದರು. ನಲವತ್ತು ದಿನದ ಮೇಲೆ ಬಿಟ್ಟರು. ಬಿಟ್ಟ ದಿನವೇ ಕುಡಿದೆ. ಅದರ ಬಗ್ಗೆ ಇನ್ನೂ ಬರೆಯುವ ಶಕ್ತಿ ನನಗಿಲ್ಲ.

2021ರ ಡಿಸೆಂಬರ್ 27ರಂದು ನಾನೇ ನಡೆದುಕೊಂಡು ಆಸ್ಪತ್ರೆಗೆ ಹೋದೆ. ದೊಡ್ಡ ಕಾರಣವೇನೂ ಇರಲಿಲ್ಲ. ಹಿಂದಿನ ರಾತ್ರಿ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಮಗಳು ಪುಸ್ತಕ ತೆಗೆದುಕೊಂಡು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋಪದಿಂದ ಧಡಾರನೆ ಹಾಕಿದ್ದರೆ ನಾನು ಕೂಗಾಡುತ್ತಿದ್ದೆ. ಅವಳು ಸದ್ದಾಗದ ಹಾಗೆ, ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು, ಮೆಲ್ಲನೆ ಹಾಕಿದಳು. ಮಲಗಿದ ನಾಯಿಯನ್ನು ದಾಟಿ ಹೋಗುವವರು ಹಾಗೆ ಮಾಡುತ್ತಾರೆ.

ಹೊರರೋಗಿ ವಿಭಾಗದ ಸಾಲಿನಲ್ಲಿ ಕೈ ನಡುಗದಿರಲೆಂದು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯದಿಂದಾದ ತೊಂದರೆಗೆ ಸಹಾಯ ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯದ ಅವಲಂಬನೆಗೆ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆಯೋ ನೆರವೋ ಸಿಕ್ಕಿತ್ತಂತೆ. ಇದನ್ನು ಓದಿದ್ದು ಎಷ್ಟೋ ತಿಂಗಳ ನಂತರ. ಓದಿದಾಗ ಆ ಬೆಂಚು ಕಣ್ಣ ಮುಂದೆ ಬಂತು. ಉಳಿದ ಮೂವತ್ತೇಳು ಜನ ಎಲ್ಲಿ ಕುಳಿತಿರಬಹುದು ಎಂದು ಈಗಲೂ ಯೋಚಿಸುತ್ತೇನೆ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾರು ಕರೆದುಕೊಂಡು ಬಂದರು?" ಎಂಬುದು. ಯಾರೂ ಇಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ದಾಖಲಾತಿಯ ಅರ್ಜಿಯನ್ನು ನನ್ನ ಕಡೆಗೇ ತಿರುಗಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯಪಾನದಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ, ತಿಳಿವಳಿಕೆಯಿರುವ ವಯಸ್ಕ ತಾನಾಗಿಯೇ ದಾಖಲಾಗಬಹುದು, ಬೇಕೆಂದಾಗ ಹೊರಡಲೂಬಹುದು ಎಂದು ವಿವರಿಸಿದರು. ನಡುಗುವ ಕೈಯಲ್ಲಿ ಸಹಿ ಹಾಕಿದೆ. ವರ್ಷಗಳಿಂದ ನನ್ನ ಸಹಿ ಅಷ್ಟು ಕೆಟ್ಟದಾಗಿ ಬಂದಿರಲಿಲ್ಲ. ಅದರಷ್ಟು ನನ್ನದೆನ್ನಿಸಿದ ಸಹಿಯೂ ಇಲ್ಲ.

ಮೊದಲ ಐದಾರು ದಿನ ಮದ್ಯದ ವಿಷ ಇಳಿಸುವ ಚಿಕಿತ್ಸೆ. ಥಯಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್, ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ. ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಂಡಿತು, ಒರೆಸಲು ಹೋದರೆ ಗೋಡೆ ನುಣ್ಣಗಿತ್ತು. ಐದನೆಯ ದಿನ ಹಸಿವಾಯಿತು. ಉಪ್ಪಿಟ್ಟಿಗೆ ಇಷ್ಟು ರುಚಿಯಿರುತ್ತದೆ ಎಂಬುದು ಮರೆತೇ ಹೋಗಿತ್ತು.

ಕಷ್ಟದ ಭಾಗ ಮುಗಿಯಿತೆಂದುಕೊಂಡೆ. ಆಗ ಆಪ್ತಸಮಾಲೋಚಕಿಯೊಬ್ಬರು ಬಂದು ಕುಳಿತರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. "ಸಾಮಾನ್ಯವಾಗಿ ಯಾವಾಗ ಕುಡಿಯಬೇಕು ಅನ್ನಿಸುತ್ತದೆ ಸರ್?" ಎಂದರು. ಬೇಜಾರಾದಾಗ ಎಂದೆ. ಇನ್ನೂ ಯಾವಾಗ? ಮನೆಯಲ್ಲಿ ಜಗಳವಾಗಿ ಬೇಜಾರಾದಾಗ. ಇನ್ನೂ? ಕೆಲಸವಿಲ್ಲದೆ ಬೇಜಾರಾದಾಗ. ಯಜಮಾನರು ಎಲ್ಲರೆದುರು ಬೈದು ಬೇಜಾರಾದಾಗ. ತಂದೆ ನೆನಪಾಗಿ ಬೇಜಾರಾದಾಗ.

ಅವರು ನಗಲಿಲ್ಲ. ನನಗೊಂದು ನೂರು ಪುಟದ ನೋಟುಬುಕ್ಕು ಕೊಟ್ಟು, "ಒಂದು ವಾರ ಬೇಜಾರು ಅನ್ನುವ ಪದವನ್ನು ಬಳಸಬೇಡಿ. ಅದರ ಬದಲು ಯಾವ ಪದ ಹೊಂದುತ್ತದೋ ಅದನ್ನು ಬರೆಯಿರಿ" ಎಂದರು. ಇಷ್ಟೇಯೇ ಎಂದುಕೊಂಡೆ. ಆ ವಾರ ನಾನು ಮೂಕನಂತಾದೆ.

ಬೇಜಾರು ನಮ್ಮಲ್ಲಿ ಎಲ್ಲಕ್ಕೂ ಸಲ್ಲುವ ನಾಣ್ಯ. ಬಸ್ ತಡವಾದರೂ ಬೇಜಾರು, ಹತ್ತಿರದವರು ಸತ್ತರೂ ಬೇಜಾರು. ಅದನ್ನು ಕಿತ್ತುಕೊಂಡ ಮೇಲೆ ನನ್ನ ಬಳಿ ಏನೂ ಉಳಿಯಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು ಅರ್ಧ ಗಂಟೆ ಕುಳಿತರೂ ಒಳಗಿರುವುದಕ್ಕೆ ಹೆಸರು ಸಿಗುತ್ತಿರಲಿಲ್ಲ. ಮೂರನೆಯ ದಿನ ಮೊದಲ ಪದ ಬಂತು. ಅಣ್ಣನ ಹೊಸ ಮನೆಯ ಗೃಹಪ್ರವೇಶದ ಕಾರ್ಡು ಬಂದ ದಿನ ನಾನು ಎಷ್ಟು ಕುಡಿದಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದಾಗ ಕೈ ತಾನಾಗಿ 'ಹೊಟ್ಟೆಕಿಚ್ಚು' ಎಂದು ಬರೆಯಿತು. ಬರೆದು, ಯಾರಾದರೂ ನೋಡಿಯಾರೆಂದು ಪುಟ ಮುಚ್ಚಿದೆ. ಆಮೇಲೆ ಮತ್ತೆ ತೆರೆದು ನೋಡಿದೆ. ಆ ಪದ ಅಲ್ಲಿಯೇ ಇತ್ತು, ನನಗೆ ಏನೂ ಆಗಿರಲಿಲ್ಲ.

ಅಲ್ಲಿಂದ ಪದಗಳು ಒಂದೊಂದಾಗಿ ಬಂದವು. ಯಜಮಾನರು ಬೈದದ್ದು ಅವಮಾನ. ಬೆಳೆಗಾರರು ಕನಿಕರದಿಂದ ಕೇಳಿದ್ದು ನಾಚಿಕೆ. ಅವಮಾನಕ್ಕೂ ನಾಚಿಕೆಗೂ ನಡುವೆ ಎಷ್ಟು ಅಂತರವಿದೆ ಎಂದು ನಲವತ್ತು ದಾಟಿದ ಮೇಲೆ ತಿಳಿಯಿತು. ಒಂದು ಬೇರೆಯವರು ಕೊಡುವುದು, ಇನ್ನೊಂದು ನಮ್ಮೊಳಗೇ ಹುಟ್ಟುವುದು. ತಿಂಗಳ ಕೊನೆಯದ್ದು ದಿಗಿಲು. ಹೆಂಡತಿಯ ಮುಂದೆ ಕುಳಿತಾಗ ಆಗುತ್ತಿದ್ದದ್ದು ಅಳುಕು. ತಂದೆಯ ವಿಷಯಕ್ಕೆ ಬಂದಾಗ ತುಂಬ ದಿನ ಹೆಸರು ಸಿಗಲಿಲ್ಲ. ಕೊನೆಗೆ 'ಕೊರಗು' ಎಂದು ಬರೆದೆ. ಅವರು ಸತ್ತಾಗ ಕಾರ್ಯವೆಲ್ಲ ನಾನೇ ಓಡಾಡಿ ಮಾಡಿಸಿದ್ದೆ, ಹದಿಮೂರು ದಿನವೂ ರಾತ್ರಿ ಕುಡಿದಿದ್ದೆ, ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಹನ್ನೊಂದು ವರ್ಷದ ಆ ಬಾಕಿಯನ್ನು ಆಸ್ಪತ್ರೆಯ ಮಹಡಿಯ ಮೆಟ್ಟಿಲ ಮೇಲೆ ಕುಳಿತು ತೀರಿಸಿದೆ.

ಇನ್ನೊಂದು ಪದ ಬಂದದ್ದು ಬಿಡುಗಡೆಯಾಗಿ ಕೆಲಸಕ್ಕೆ ಮರಳಿದ ಮೇಲೆ. ಸಂಜೆ ಐದೂವರೆಗೆ ತಪ್ಪದೆ ಎದೆಯಲ್ಲಿ ತಳಮಳ ಶುರುವಾಗುತ್ತಿತ್ತು. ಯಾವ ಭಾವನೆ ಇದು ಎಂದು ಮೂರು ದಿನ ಹುಡುಕಿದೆ. ನಾಲ್ಕನೆಯ ದಿನ ಬರೆದ ಪದ: ಹಸಿವು. ಮಧ್ಯಾಹ್ನ ಒಂದಕ್ಕೆ ಉಂಡವನು ಮತ್ತೆ ಏನೂ ತಿನ್ನುತ್ತಿರಲಿಲ್ಲ. ಇಷ್ಟು ವರ್ಷ ಹೊಟ್ಟೆ ಅನ್ನ ಕೇಳಿದಾಗಲೂ ನಾನು ವಿಸ್ಕಿ ಕೊಡುತ್ತಿದ್ದೆ. ಅಂದಿನಿಂದ ಐದು ಗಂಟೆಗೆ ಎರಡು ಬಾಳೆಹಣ್ಣು, ಒಂದು ಪೊಟ್ಟಣ ಮಂಡಕ್ಕಿ.

ಭಾವನೆಗೆ ಹೆಸರಿಡುವುದು ಬರೀ ಮಾತಿನ ಆಟವಲ್ಲವೆಂದು ಆಪ್ತಸಮಾಲೋಚಕಿ ಮೇಡಂ ಹೇಳುತ್ತಿದ್ದರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಜನರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಭಾವನೆಗೆ ಪದ ಹುಡುಕಿಕೊಂಡವರಲ್ಲಿ ಅಮಿಗ್ಡಲಾ ಎಂಬ ಭಾಗದ ಉದ್ವೇಗ ತಗ್ಗಿದ್ದು ಕಂಡಿತ್ತಂತೆ. ನನ್ನ ಅನುಭವ ಇಷ್ಟು: ಹೆಸರಿಲ್ಲದ್ದು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಹೆಸರಿಟ್ಟ ಮೇಲೆ ಅದರ ಜೊತೆ ಏನು ಮಾಡಬೇಕೆಂದು ಕೇಳಿಕೊಳ್ಳಲು ಸಾಧ್ಯವಾಯಿತು. ಹಸಿವಾದರೆ ತಿನ್ನಬಹುದು. ದಿಗಿಲಾದರೆ ಲೆಕ್ಕ ಬರೆದು ನೋಡಬಹುದು. ಕೊರಗಿಗೆ ಅಳಬಹುದು. ಬೇಜಾರಿಗೆ ಮಾತ್ರ ಒಂದೇ ಮದ್ದು ನನಗೆ ಗೊತ್ತಿತ್ತು.

ಬಿಡುಗಡೆಯ ಹಿಂದಿನ ದಿನ ವೈದ್ಯರು ಮುಂದಿನ ಔಷಧಿಯ ಬಗ್ಗೆ ಮಾತನಾಡಿದರು. ನಾಲ್ಟ್ರೆಕ್ಸೋನ್ ಇದೆ, ಅಕಾಂಪ್ರೊಸೇಟ್ ಇದೆ, ಇವು ಕುಡಿತದ ಸೆಳೆತವನ್ನು ತಗ್ಗಿಸುತ್ತವೆ. ಇನ್ನೊಂದು ಡೈಸಲ್ಫಿರಾಮ್. ಆ ಹೆಸರು ಕೇಳಿದ ಕೂಡಲೇ ನನ್ನ ಬಾಯಲ್ಲಿ ಆ ಲೋಟದ ತಳದ ರುಚಿ ಬಂತು. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಬೇಡ ಅನ್ನಿಸಿದರೆ ಖಂಡಿತ ಬೇಡ. ಆಯ್ಕೆ ನಿಮ್ಮದು" ಎಂದರು. ಪಿತ್ತಜನಕಾಂಗದ ಪರೀಕ್ಷೆಯ ಫಲಿತಾಂಶ ತೋರಿಸಿ, ಮೂರರ ಗುಣದೋಷಗಳನ್ನೂ ವಿವರಿಸಿದರು.

ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಡೈಸಲ್ಫಿರಾಮ್ ಬೇಕೆಂದೆ. ಒಂದು ಮಾತ್ರೆ ತೆಗೆದುಕೊಂಡರೆ ಅದರ ಪ್ರಭಾವ ಎರಡು ವಾರದವರೆಗೂ ಇರಬಹುದು. ಅಂದರೆ ಬೆಳಿಗ್ಗೆ ಏಳು ಗಂಟೆಯ ನಾನು ಸಂಜೆ ಐದೂವರೆಯ ನನ್ನನ್ನು ಕಾಯುತ್ತೇನೆ. ಮಾತ್ರೆ ಅದೇ, ಅದನ್ನು ಬಾಯಿಗೆ ಹಾಕುವ ಕೈ ಬೇರೆ. ಹೆಂಡತಿ ತಾನು ಕೊಡುತ್ತೇನೆ ಎಂದಳು. ಅನೇಕರ ಮನೆಯಲ್ಲಿ ಹಾಗೆಯೇ ಮಾಡುತ್ತಾರೆ, ಅದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಆಗಬಾರದಿತ್ತು. "ನಾನೇ ತೆಗೆದುಕೊಳ್ಳುತ್ತೇನೆ, ನೀನು ನೋಡು" ಎಂದೆ. ಅವಳು ಒಪ್ಪಿದಳು, ನೋಡಲು ಬರಲಿಲ್ಲ.

ಅವಳು ನಂಬಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು. ನಾನು ಕುಡಿಯದೆ ಒಂದು ತಿಂಗಳಾದರೂ ಮನೆಯಲ್ಲಿ ಸಂತೋಷದ ಸುಳಿವಿರಲಿಲ್ಲ. ಅಂಗಿಯ ಜೇಬು ನೋಡುವುದು, ಹತ್ತಿರ ಬಂದಾಗ ಉಸಿರನ್ನು ಗಮನಿಸುವುದು ನಿಲ್ಲಲಿಲ್ಲ. ಇಷ್ಟು ಕಷ್ಟಪಟ್ಟಿದ್ದೇನೆ, ಒಂದು ಒಳ್ಳೆಯ ಮಾತಿಲ್ಲವೇ ಎಂದು ನೋಟುಬುಕ್ಕಿನಲ್ಲಿ ಬರೆದೆ. ಅದನ್ನು ಓದಿದ ಮೇಡಂ, "ನಿಮ್ಮ ಪದಗಳು ಸಿಕ್ಕವು. ಅವರ ಪದಗಳನ್ನು ಕೇಳಿದ್ದೀರಾ?" ಎಂದರು.

ಕೇಳಲು ವಾರಗಟ್ಟಲೆ ಹಿಡಿಯಿತು. ಒಂದು ಭಾನುವಾರ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಕೇಳಿದೆ. ಅವಳು ಕೈಯಲ್ಲಿದ್ದ ದುಪ್ಪಟಿಯನ್ನು ಹಿಂಡುತ್ತಲೇ ಹೇಳಿದಳು: "ರೀ, ನೀವು ಸ್ಕೂಟರಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಹಾಕಿದರೆ ಪರವಾಗಿಲ್ಲ. ಎರಡು ಸಲ ಜಾರಿ ಮೂರನೆಯ ಸಲ ನಿಂತರೆ ಮಗುವನ್ನು ಒಳಗೆ ಕಳಿಸುತ್ತಿದ್ದೆ. ಈಗಲೂ ಎಂಟು ಗಂಟೆಗೆ ಕೆಲಸ ಬಿಟ್ಟು ಆ ಸದ್ದಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ನೀವು ಕುಡಿಯುವುದಿಲ್ಲ ಎಂದು ತಲೆಗೆ ಗೊತ್ತು. ಕಿವಿಗೆ ಇನ್ನೂ ಗೊತ್ತಾಗಿಲ್ಲ."

ಪುಡಿಯ ವಿಷಯವನ್ನೂ ಅವಳೇ ಎತ್ತಿದಳು. ಬಾರಿನ ಮೆಟ್ಟಿಲಿಂದ ನನ್ನನ್ನು ತಂದ ರಾತ್ರಿ ಬೆಳಗಿನ ಜಾವದವರೆಗೆ ನನ್ನ ಮೂಗಿನ ಹತ್ತಿರ ಬೆರಳು ಇಟ್ಟುಕೊಂಡು ಕುಳಿತಿದ್ದಳಂತೆ. ಕೊಂದುಬಿಟ್ಟೆನೇನೋ ಎಂದು. ನಾನು ಅದನ್ನು ದ್ರೋಹವೆಂದು ಹೊತ್ತುಕೊಂಡು ತಿರುಗುತ್ತಿದ್ದೆ. ದಿಕ್ಕುಗಾಣದ ಹೆಂಗಸೊಬ್ಬಳು ಕೈಗೆ ಸಿಕ್ಕ ಹಗ್ಗ ಹಿಡಿದದ್ದು ಅದು. ಅವಳು ಮಾಡಿದ್ದು ಅಪಾಯದ ಕೆಲಸ, ಇನ್ನೊಬ್ಬರು ಮಾಡಬಾರದ್ದು. ಆದರೂ ಅವತ್ತು ಕ್ಷಮೆ ಕೇಳಬೇಕಾದವನು ನಾನು, ಕೇಳಿದೆ.

ಐದೂವರೆಯ ಸೆಳೆತ ನಿಂತಿರಲಿಲ್ಲ. ಅದು ಅಲೆಯ ಹಾಗೆ ಏರಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ, ಅದರ ಜೊತೆ ಗುದ್ದಾಡದೆ ನೋಡುತ್ತಾ ನಿಲ್ಲಿ ಎಂದು ಹೇಳಿಕೊಟ್ಟಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ರೂಪಿಸಿದ ವಿಧಾನವಂತೆ ಇದು. ನಾನು ಸಮುದ್ರದವನಲ್ಲ, ಅಲೆ ನನಗೆ ಹೊಳೆಯಲಿಲ್ಲ. ನನಗೆ ಗೊತ್ತಿರುವುದು ತುಂಗೆ. ನಮ್ಮ ಕೋಟೆ ಕಡೆಯವರಿಗೆ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪವೇ ಅಳತೆಗೋಲು. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟರೆ ಊರಿನವರು ಹೋಗಿ ಮಂಟಪ ಮುಳುಗಿತೇ ಎಂದು ನೋಡುತ್ತಾರೆ. ನೆರೆ ಬಂದಾಗ ಅದು ಪೂರ್ತಿ ಮುಳುಗುತ್ತದೆ. ಇಲ್ಲವೇ ಇಲ್ಲವೇನೋ ಅನ್ನಿಸುತ್ತದೆ. ನೀರು ಇಳಿದಾಗ ಕೆಸರು ಮೆತ್ತಿಕೊಂಡು ಅಲ್ಲೇ ನಿಂತಿರುತ್ತದೆ. ಕೆಲಸ ಮುಗಿಸಿ ಬಾರಿನ ರಸ್ತೆ ಬಿಟ್ಟು ಸುತ್ತು ಬಳಸಿ ಹೊಳೆಯ ದಂಡೆಗೆ ಬಂದು, ಗಡಿಯಾರ ನೋಡುತ್ತಾ, ಆ ಮಂಟಪವನ್ನು ನೋಡುತ್ತಾ ಎಷ್ಟು ಸಂಜೆ ಕಳೆದಿದ್ದೇನೋ ಲೆಕ್ಕವಿಲ್ಲ. ಕೆಲವು ದಿನ ಹನ್ನೆರಡು ನಿಮಿಷ. ಕೆಲವು ದಿನ ನಲವತ್ತು.

ವಾರಕ್ಕೊಂದು ದಿನ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗತೊಡಗಿದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಶುಲ್ಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದೇ, ಮದ್ಯದ ಮುಂದೆ ನಾವು ಶಕ್ತಿಹೀನರು ಎಂದು ಒಪ್ಪಿಕೊಳ್ಳುವುದು. ಇದು ನನ್ನನ್ನು ಗೊಂದಲಕ್ಕೆ ಕೆಡವಿತು. ಆಸ್ಪತ್ರೆಯಲ್ಲಿ ಆಯ್ಕೆ ನಿಮ್ಮದು ಎನ್ನುತ್ತಾರೆ, ಇಲ್ಲಿ ಶಕ್ತಿಯೇ ಇಲ್ಲ ಎನ್ನುತ್ತಾರೆ. ಹಲವು ವಾರ ತಲೆಯಲ್ಲಿ ಕುಟ್ಟಿಕೊಂಡ ಮೇಲೆ ನನಗೆ ಕಂಡದ್ದು ಇದು: ಮೊದಲ ಗುಟುಕು ಒಳಗೆ ಹೋದ ಮೇಲೆ ನಾನು ನಿಜವಾಗಿಯೂ ಶಕ್ತಿಹೀನ, ಇಷ್ಟು ವರ್ಷದಲ್ಲಿ ಒಂದು ದಿನವೂ ಅಲ್ಲಿಂದ ಮುಂದೆ ನನ್ನ ಮಾತು ನಡೆದಿಲ್ಲ. ಗ್ಲಾಸು ಮೇಜಿನ ಮೇಲಿರುವವರೆಗೆ ಕೈ ನನ್ನದು. ಅದಕ್ಕೂ ಮೊದಲು, ಯಾವ ರಸ್ತೆಯಲ್ಲಿ ಹೋಗಬೇಕು ಎಂಬಲ್ಲಿ, ಕಾಲು ಇನ್ನೂ ಹೆಚ್ಚು ನನ್ನದು. ಇದನ್ನು ಸಭೆಯಲ್ಲಿ ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ನನಗೆ ಇದೇ ಸರಿ.

2022ರ ಮೇ ತಿಂಗಳಲ್ಲಿ ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಶೇಕಡ 92. ಮಂಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಯಜಮಾನರು ಬೆನ್ನು ತಟ್ಟಿದರು. ಅಂದು ಐದೂವರೆಗೆ ಹೊಳೆಯ ಕಡೆ ತಿರುಗದೆ ಹಳೆಯ ರಸ್ತೆಯಲ್ಲಿ ಹೋದೆ. ಕುಡಿದೆ. ಅದು 143ನೆಯ ದಿನ.

ನೋವಿನಿಂದ ಬಿದ್ದಿದ್ದರೆ ಅರ್ಥವಾಗುತ್ತಿತ್ತು. ಸಂತೋಷದಿಂದ ಬಿದ್ದೆ. ನೋಟುಬುಕ್ಕನ್ನು ಆಮೇಲೆ ತಿರುವಿ ನೋಡಿದರೆ, ಅದರಲ್ಲಿ ಅವಮಾನ, ಕೊರಗು, ಕಸಿವಿಸಿ, ಮುಜುಗರ ಎಲ್ಲ ಇವೆ. ಹಿಗ್ಗು ಎಂಬ ಪದ ಒಂದು ಪುಟದಲ್ಲೂ ಇಲ್ಲ. ಹಿಗ್ಗನ್ನು ಹೊತ್ತು ಮನೆಗೆ ಹೋಗುವುದು ಹೇಗೆಂದು ನಾನು ಕಲಿತೇ ಇರಲಿಲ್ಲ. ತಂದೆಯೂ ಸಂಬಳದ ದಿನ, ಹಬ್ಬದ ದಿನವೇ ಹೆಚ್ಚು ಕುಡಿಯುತ್ತಿದ್ದುದು.

ಇನ್ನೊಂದು ನಿಜ ಹೇಳಬೇಕು. ಡೈಸಲ್ಫಿರಾಮ್ ಮೈಯಲ್ಲಿದ್ದಿದ್ದರೆ ಅಂದು ಕುಡಿಯಲು ಆಗುತ್ತಿರಲಿಲ್ಲ. ನಾನು ಮೂರು ವಾರದ ಹಿಂದೆಯೇ ಅದನ್ನು ನಿಲ್ಲಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಸ್ಟ್ರಿಪ್ ಮುಗಿದಿತ್ತು, ತರಲು ಮರೆಯಿತು, ಹೇಗೂ ಚೆನ್ನಾಗಿದ್ದೇನಲ್ಲ ಎಂದುಕೊಂಡಿದ್ದೆ. ಕುಡಿದದ್ದು ಫಲಿತಾಂಶದ ದಿನವಲ್ಲ. ಮಾತ್ರೆ ತರಲು 'ಮರೆತ' ದಿನವೇ ನನ್ನೊಳಗಿನ ಯಾರೋ ಬಾಗಿಲಿನ ಚಿಲಕ ತೆಗೆದಿಟ್ಟಿದ್ದ. ಆ ಯಾರೋ ಕೂಡ ನಾನೇ. ಕೈ ನನ್ನದು ಎಂದು ಹೇಳಿಕೊಂಡ ಮೇಲೆ ಆ ಮರೆವನ್ನೂ ನನ್ನದೆಂದೇ ಬರೆದುಕೊಳ್ಳಬೇಕು.

ಬಾರಿನಿಂದ ಹೊರಗೆ ಬಂದಾಗ ಹಳೆಯ ಯೋಚನೆ ಬಂತು: ಹೇಗೂ ಹಾಳಾಯಿತು, ಇನ್ನೊಂದು ಕ್ವಾರ್ಟರ್ ಕುಡಿದರೇನು. ಈ ಯೋಚನೆಯ ಬಗ್ಗೆ ಮೇಡಂ ಮೊದಲೇ ಎಚ್ಚರಿಸಿದ್ದರು. ಒಂದು ಸಲ ಜಾರಿದವರನ್ನು ಮೊದಲ ಗ್ಲಾಸಿಗಿಂತ ಆ ಪಾಪಪ್ರಜ್ಞೆಯೇ ಪಾತಾಳಕ್ಕೆ ತಳ್ಳುತ್ತದೆ ಎಂದಿದ್ದರು. ಸ್ಕೂಟರನ್ನು ಅಲ್ಲೇ ಬಿಟ್ಟು ಸಭೆಯ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಬಂದರು, ಬೈಯಲಿಲ್ಲ, ನನ್ನ ಜೊತೆ ಮನೆಯವರೆಗೆ ನಡೆದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅಂದು ಸ್ಟ್ಯಾಂಡಿನ ಸದ್ದೇ ಬಂದಿರಲಿಲ್ಲ. "ಕುಡಿದಿದ್ದೇನೆ. ಮಾತ್ರೆ ಬಿಟ್ಟು ಮೂರು ವಾರವಾಯಿತು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತೇನೆ" ಎಂದೆ. ಹದಿನಾರು ವರ್ಷದಲ್ಲಿ ಕುಡಿದು ಬಂದ ರಾತ್ರಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು. ಅವಳು ಅತ್ತಳು. ಆಮೇಲೆ ಅನ್ನ ಬಡಿಸಿದಳು.

ಅದಾದ ಮೇಲೆ ಕುಡಿದಿಲ್ಲ. ಮಾತ್ರೆಯನ್ನು ಇನ್ನೂ ಒಂದು ವರ್ಷ ತೆಗೆದುಕೊಂಡು ವೈದ್ಯರನ್ನು ಕೇಳಿಯೇ ನಿಲ್ಲಿಸಿದೆ. ನೋಟುಬುಕ್ಕು ಈಗ ನಾಲ್ಕನೆಯದು. ಅದರಲ್ಲಿ ಹಿಗ್ಗಿಗೂ ಪುಟಗಳಿವೆ: ಮಗಳು ಕಾಲೇಜಿಗೆ ಸೇರಿದ್ದು, ಹಿರಿಯ ಬೆಳೆಗಾರರು ಚೀಟಿ ನೋಡಿ ಏನೂ ಹೇಳದೆ ಮಡಚಿ ಜೇಬಿಗಿಟ್ಟುಕೊಂಡದ್ದು. ಹಿಗ್ಗಾದ ದಿನ ನೇರವಾಗಿ ಮನೆಗೆ ಹೋಗಿ ಅದನ್ನು ಗಟ್ಟಿಯಾಗಿ ಹೇಳಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ.

ಕಳೆದ ತಿಂಗಳು ಮಂಡಿಗೆ ಹಮಾಲಿ ಕೆಲಸದವರೊಬ್ಬರ ತಾಯಿ ಬಂದಿದ್ದರು. ನನ್ನ ವಿಷಯ ಯಾರೋ ಹೇಳಿದ್ದರಂತೆ. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟರು. "ಸಾರಿಗೆ ಹಾಕಬೇಕೋ, ಕಾಫಿಗೋ? ನಿಮಗೆ ಯಾವುದರಲ್ಲಿ ಹಾಕಿದ್ದರಪ್ಪಾ?" ಎಂದು ಕೇಳಿದರು. ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ.

"ಯಾವುದಕ್ಕೂ ಹಾಕಬೇಡಿ ಅಮ್ಮಾ. ಇದನ್ನು ಹಾಗೆಯೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ನಾನೂ ಬರುತ್ತೇನೆ" ಎಂದು, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತೂಕದ ಚೀಟಿಯ ಹಿಂದೆ ಬರೆದುಕೊಟ್ಟೆ. ಮಗ ಬಂದಿದ್ದಾನೆಯೇ ಎಂದು ಕೇಳಿದೆ. ಹೊರಗಿದ್ದಾನೆ, ಒಳಗೆ ಬರುವುದಿಲ್ಲ ಎನ್ನುತ್ತಾನೆ ಎಂದರು.

ನಾನೇ ಹೊರಗೆ ಹೋದೆ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಚೀಲಗಳ ಸಾಲಿನ ಕೊನೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದ. ಬಾಳೆಹಣ್ಣು ಕೊಟ್ಟೆ. ಬೇಡವೆನ್ನಲಿಲ್ಲ. ಪಕ್ಕದ ಚೀಲದ ಮೇಲೆ ಕುಳಿತು, ಏನಾಗುತ್ತದಪ್ಪಾ ನಿನಗೆ ಎಂದು ಕೇಳಿದೆ.

"ಏನಿಲ್ಲ ಸರ್. ಸುಮ್ಮನೆ ಬೇಜಾರು."

ಯಾವ ಥರದ್ದು ಎಂದೆ. ಅವನು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಮಂಡಿ ಮುಚ್ಚುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ನಾನು ಅಲ್ಲಿಯೇ ಕುಳಿತೆ.